ಮೂರು ಹಾಡುಪೆಟ್ಟಿಗೆಗಳಲ್ಲಿ ಫಸ್ಟ್ ಯಾರು?

ನಮ್ಮ ಭಾವನವರ ಮುಂದೆ ಯಾವ ವಸ್ತುವನ್ನೂ ಒಂದೇ ಒಂದು ಇಡಬೇಡಿ, ಅವರಿಗೆ ಅನ್ನ ಸೇರುವುದಿಲ್ಲ! ಎರಡಿರಬೇಕು, ಮೂರಿದ್ದರೆ ಹಬ್ಬ. ಹೋಲಿಸಿ, ಒಂದನ್ನು ಹೊಗಳಿ, ಉಳಿದವನ್ನು ಬೈದರೇ ಸಮಾಧಾನ. ಹುಡುಗಿ ಒಬ್ಬಳನ್ನೇ ತೋರಿಸಿದ್ದಕ್ಕೆ ಅಣ್ಣ ಬ್ರಹ್ಮಚಾರಿಯಾಗಿ ಉಳಿದ ಎಂದು ನಮ್ಮ ಯಜಮಾನರು ಹೇಳುವುದುಂಟು.

ವಿಜಯನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಅವರ ವಾಸ. ಲೋಕವೆಲ್ಲ ಫೋನಿನಲ್ಲಿ ಹಾಡು ಕೇಳುತ್ತಿದ್ದರೆ ಅವರ ಬಳಿ ಮೂರು ಹಳೆಯ ಪ್ಲೇಯರುಗಳು. ಒಂದು ಸೋಪಿನ ಡಬ್ಬಿಯಷ್ಟು ದಪ್ಪ. ಒಳಗೆ ಪುಟ್ಟ ಹಾರ್ಡ್ ಡಿಸ್ಕ್ ತಿರುಗುವುದರಿಂದ ಅಂಗೈಯಲ್ಲಿ ಜೀವವಿದ್ದಂತೆ ನಡುಗುತ್ತದೆ. ಇನ್ನೊಂದು ಲಿಪ್‌ಸ್ಟಿಕ್‌ನಷ್ಟೇ ಇದ್ದು, ರಿಮೋಟಿನ ಸೆಲ್ ಒಂದನ್ನು ನುಂಗಿ ಹಾಡುತ್ತದೆ. ಮೂರನೆಯದು ವಿಡಿಯೊ ಪ್ಲೇಯರ್. ಬಿಸ್ಕತ್ತಿನಗಲದ ಪರದೆ, ಚೌಕಚೌಕವಾಗಿ ಒಡೆಯುವ ಚಿತ್ರ, ಹಾಡಿಗಿಂತ ಮೊದಲೇ ಮುಗಿಯುವ ಬ್ಯಾಟರಿ!

ಭಾನುವಾರ ಬೆಳಿಗ್ಗೆ ನನ್ನ ಅಡುಗೆಮನೆಯಲ್ಲಿ ಪರೀಕ್ಷೆ. ಸ್ಟೂಲು ಎಳೆದುಕೊಂಡು, ಈಚೆಗೆ ಸರಿಯಾಗಿ ನನ್ನೆದುರಿಗೇ ಕೂತು, ಒಂದೇ ಹಾಡನ್ನು ಮೂರರಲ್ಲೂ ಕೇಳಿ ಅಂಕ ಕೊಡುತ್ತಾರೆ. ಮೊದಲೆಲ್ಲ ಸೋಪಿನ ಡಬ್ಬಿಗೇ ಫಸ್ಟ್. ಈ ವರ್ಷ ಎಲ್ಲವೂ ಫೇಲ್!

"ದಪ್ಪಂದು ಸ್ವರಾನೇ ಸತ್ತೋಗಿದೆ ಕಣಮ್ಮ. ಸಣ್ಣದು ಬರೀ ಪಿಸುಗುಡತ್ತೆ."

"ಸೌಂಡ್ ಪೂರ್ತಿ ಇಟ್ಟಿದೀರಾ, ಭಾವ?"

"ಇಟ್ಟಿದೀನಿ. ವಯಸ್ಸಾಯ್ತು ಪಾಪ, ಇವಕ್ಕೆ!"

ಒಗ್ಗರಣೆಯ ಸಾಸಿವೆ ಚಟಪಟ ಸಿಡಿಯುತ್ತಿತ್ತು. ಅದರ ನಡುವೆಯೂ ಅವರ ಇಯರ್‌ಫೋನಿನಿಂದ ಹಾಡಿನ ಎರಡನೇ ಚರಣ ನನಗೆ ಸ್ಪಷ್ಟವಾಗಿ ಕೇಳಿಸಿತು. ವಯಸ್ಸಾದದ್ದು ಯಾವುದಕ್ಕೆಂದು ಇನ್ನು ಯಾರು ಹೇಳಬೇಕು? ಆದರೆ ಅವರಿಗೆ ಹೇಳುವುದು ಹೇಗೆ! ಕಣ್ಣು ಮಂಜಾದಾಗ ಅಚ್ಚು ಸರಿಯಿಲ್ಲವೆಂದು ಪೇಪರನ್ನೇ ಬದಲಾಯಿಸಿದವರು. ಸಾಲದ್ದಕ್ಕೆ, ಮೆಲ್ಲಗೆ ಮಾತಾಡಬೇಕೆಂದು ಕಾನ್ವೆಂಟಿನ ಸಿಸ್ಟರ್ ತಿದ್ದಿ ತೀಡಿದ ದನಿ ನನ್ನದು.

ಮಾರ್ಕೆಟ್ ಬೀದಿಯ ರಿಪೇರಿ ಅಂಗಡಿಗೆ ಹೊರಟವರ ಬೆನ್ನಿಗೆ ನಾನೂ ಹೋದೆ. ಅಂಗಡಿಯವರು ಇಯರ್‌ಫೋನ್ ಸಿಕ್ಕಿಸಿಕೊಂಡವರೇ ಬೆಚ್ಚಿ ಕಿತ್ತೆಸೆದರು.

"ಅಯ್ಯೋ ಸಾರ್! ತಮಟೆ ಬಾರಿಸ್ದಂಗಿದೆ! ಇದಕ್ಕೇನೂ ಆಗಿಲ್ಲ."

ಭಾವ ಮರುಕದಿಂದ ನೋಡಿದರು. "ಇಷ್ಟು ಚಿಕ್ಕ ವಯಸ್ಸಿಗೇ ನಿಮ್ಮ ಕಿವಿ ಹೀಗಾಯ್ತಲ್ಲ! ಒಂದ್ಸಲ ತೋರಿಸ್ಕೊಂಡುಬಿಡಿ."

ನಗು ಬಂದದ್ದು ರಸ್ತೆಯವರೆಗೆ ಮಾತ್ರ. ದಾಟುವಾಗ ಹಿಂದಿನಿಂದ ಸಿಟಿ ಬಸ್ಸಿನ ಹಾರನ್. ಬೀದಿಗೆ ಬೀದಿಯೇ ತಿರುಗಿ ನೋಡಿತು, ಭಾವ ತಿರುಗಲಿಲ್ಲ. ತೋಳು ಹಿಡಿದು ಎಳೆದೆ.

"ಏನಮ್ಮ, ಅಂಗಿ ಹರಿದುಬಿಟ್ಟೆ!"

"ಆಂಟಿ, ಸಾರ್‌ನ ಒಬ್ರನ್ನೇ ಬಿಡ್ಬೇಡಿ," ಎಂದ ಆಟೊದವನು.

ಆಮೇಲೆ ಭಾವ ಹಾಲು ತರಲು ಹೊರಟರೂ ನಾನು ಗೇಟಿನಲ್ಲಿ. ಬೀದಿಯ ಒಂದೊಂದು ಹಾರನ್ನನ್ನೂ ಅವರ ಬದಲಿಗೆ ನಾನೇ ಕೇಳಿಸಿಕೊಳ್ಳುತ್ತಿದ್ದೆ!

ಮೊನ್ನೆ ಭಾನುವಾರ ಫಲಿತಾಂಶ ಬಂತು. ವಿಡಿಯೊ ಪ್ಲೇಯರ್ ಫಸ್ಟ್!

"ಚಿತ್ರ ಒಡೆಯತ್ತೆ, ಬ್ಯಾಟರಿ ನಿಲ್ಲಲ್ಲ ಅಂತ ಬೈತಿದ್ರಲ್ಲ, ಭಾವ?"

"ಬೈತಿದ್ದೆ." ಪಂಚೆಯ ತುದಿಯಿಂದ ಆ ಪುಟ್ಟ ಪರದೆ ಒರೆಸಿದರು. "ಆದ್ರೆ ಇದರಲ್ಲಿ ಹಾಡೋರ ಬಾಯಿ ಕಾಣತ್ತೆ ಕಣಮ್ಮ. ಮಿಕ್ಕಿದ್ದು ನಾನೇ ನೆನಪಿಂದ ತುಂಬ್ಕೋತೀನಿ. ಮೂರೂ ಒಟ್ಟಿಗೆ ಕೆಡ್ತವಾ? ನಂಗೂ ಗೊತ್ತಾಗತ್ತೆ."

ಸ್ಟೂಲು ನನ್ನೆದುರಿಗೇ ಯಾಕೆ ಬಂತೆಂದು ಆಗ ಹೊಳೆಯಿತು. ಸ್ಟವ್ ಆರಿಸಿದೆ. ಅವರ ಮುಂದೆ ನಿಂತು, ದನಿ ಏರಿಸದೆ, ತುಟಿ ಚೆನ್ನಾಗಿ ಬಿಡಿಸಿ ಹೇಳಿದೆ: "ನಾಳೆ ಕಿವಿ ಡಾಕ್ಟರ ಹತ್ರ ಹೋಗೋಣ. ನಾನೂ ಬರ್ತೀನಿ."

ನನ್ನ ತುಟಿ ನಿಲ್ಲುವವರೆಗೂ ನೋಡಿದರು.

"ಕಿವಿ ಮಷೀನು ಮೂರು ಥರದ್ದಾದ್ರೂ ತೋರಿಸ್ಬೇಕು ಅವ್ರು. ನಾನು ಹಾಕ್ಕೊಂಡು ನೋಡ್ತೀನಿ, ನೀನು ಪಕ್ಕದಲ್ಲಿ ಕೂತು ಮಾತಾಡ್ತಾ ಇರು. ಯಾವುದರಲ್ಲಿ ನಿನ್ನ ದನಿ ಕೇಳ್ಸತ್ತೋ, ಅದೇ ಫಸ್ಟ್."