ಬೀಗರಿಗೆ ಬಡಿಸಿದ ಒಬ್ಬಟ್ಟು

ಶಿವಶಂಕರನಿಗೆ ಒಬ್ಬಟ್ಟು ಮಾಡುವ ಗತಿ ಬಂದದ್ದು ಅವನ ಬಾಯಿಂದಲೇ. ಮಗಳು ಶ್ವೇತಳ ಮದುವೆಯ ಊಟದಲ್ಲಿ ಬೀಗರಾದ ಸಿದ್ದಮಲ್ಲಪ್ಪನವರ ಪಕ್ಕದ ಎಲೆಗೆ ಕೂತಿದ್ದವನು, ತನ್ನೆಲೆಗೆ ಬಿದ್ದ ಒಬ್ಬಟ್ಟನ್ನು ಬೆರಳಲ್ಲಿ ಒತ್ತಿ ನೋಡಿ, ಇದು ಅಷ್ಟೇನೂ ಮೆತ್ತಗಿಲ್ಲ, ನಮ್ಮ ಮನೆಯಲ್ಲಿ ನಾನು ಮಾಡಿದರೆ ಹತ್ತಿಯ ಹಾಗಿರುತ್ತದೆ ಎಂದುಬಿಟ್ಟ. ಸಿದ್ದಮಲ್ಲಪ್ಪನವರು ಅಗಿಯುವುದನ್ನು ನಿಲ್ಲಿಸಿ, ನೀವೇ ಮಾಡುತ್ತೀರಾ ಎಂದು ಬೆರಗಿನಿಂದ ಕೇಳಿದರು. ಆಗಲಾದರೂ ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಶಿವಶಂಕರ ಮೀಸೆ ಸವರಿಕೊಂಡು, "ಅದೇನ್ ಮಹಾ ಕೆಲ್ಸ ಬೀಗ್ರೇ" ಎಂದ.

ನಿಜ ಹೇಳಬೇಕೆಂದರೆ, ಅವನೂರು ತಿಗನಾರೆಯ ಅರಿಸಿನದ ಹೊಲದಲ್ಲಿ ಕಾಡುಹಂದಿ ಕಾಯಲು ಹಾಕಿದ್ದ ಗುಡಿಸಲಿನಲ್ಲಿ ಮೂರು ಕಲ್ಲಿಟ್ಟು ಕಾಫಿ ಕಾಯಿಸುವುದೇ ಅವನಿಗೆ ಗೊತ್ತಿದ್ದ ಅಡುಗೆ. ಆ ಕಾಫಿಯನ್ನೂ ಅವನೊಬ್ಬನೇ ಕುಡಿಯುತ್ತಿದ್ದ.

ಉಗಾದಿ ಹತ್ತಿರ ಬಂದಾಗ ಮಗಳು ಅಳಿಯನನ್ನು ಹಬ್ಬಕ್ಕೆ ಕರೆಯಲು ಫೋನು ಮಾಡಿದರೆ, ಸಿದ್ದಮಲ್ಲಪ್ಪನವರು ನಾವೂ ಬರುತ್ತೇವೆ, ನಿಮ್ಮ ಕೈಯ ಒಬ್ಬಟ್ಟು ತಿನ್ನಲೇಬೇಕು ಎಂದರು. ಫೋನಿನ ಸ್ಪೀಕರ್ ಹಾಕಿತ್ತು. ಹೆಂಡತಿ ಲೋಕೇಶ್ವರಿ ಪಕ್ಕದಲ್ಲೇ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅವಳು ಜಗಳವಾಡಲಿಲ್ಲ, ನಗಲೂ ಇಲ್ಲ. ಕೈ ಒರೆಸಿಕೊಂಡು ಎದ್ದು, "ಅನ್ನ, ಸಾರು, ಪಲ್ಯ ನಾನ್ ಮಾಡ್ತೀನಿ. ಒಬ್ಬಟ್ ಮಾತ್ರ ನಿಮ್ದೇಯ" ಎಂದಷ್ಟೇ ಹೇಳಿ ಒಳಗೆ ಹೋದಳು.

ಹಬ್ಬದ ದಿನ ಎಣ್ಣೆನೀರು ಹಾಕಿಕೊಂಡು, ಬೇವುಬೆಲ್ಲ ತಿಂದು, ಹೊಸ ಪಂಚೆಯನ್ನು ಮೊಳಕಾಲಿಗೆ ಎತ್ತಿ ಕಟ್ಟಿ ಶಿವಶಂಕರ ಅಡುಗೆಮನೆಗೆ ನುಗ್ಗಿದ. ಲೋಕೇಶ್ವರಿ ತನ್ನ ಪಾಲಿನ ಅಡುಗೆಯನ್ನೆಲ್ಲ ಮುಗಿಸಿಟ್ಟು ಜಗಲಿಯಲ್ಲಿ ಹೂ ಕಟ್ಟುತ್ತ ಕೂತಿದ್ದಳು. ಬೇಳೆಗೆ ಎಷ್ಟು ನೀರು ಎಂದು ಅವಳನ್ನು ಕೇಳಲು ಅವನಿಗೆ ಮರ್ಯಾದೆ ಅಡ್ಡ ಬಂತು. ತೊಗರಿಬೇಳೆ, ನೀರು ಎರಡನ್ನೂ ಕುಕ್ಕರಿನ ಬಾಯಿತನಕ ತುಂಬಿ ಒಲೆಯ ಮೇಲಿಟ್ಟ. ವಿಸಲ್ ಕೂಗುತ್ತ ಹೋಯಿತು, ಅವನು ನಾಳೆಯ ಹೊಲದ ಕೆಲಸ ಯೋಚಿಸುತ್ತ ನಿಂತ. ಕುಕ್ಕರು ಸತ್ಯಮಂಗಲದ ಘಾಟಿ ಹತ್ತುವ ಬಸ್ಸಿನ ಹಾಗೆ ಏದುಸಿರು ಬಿಟ್ಟಾಗ ಇಳಿಸಿ ಮುಚ್ಚಳ ತೆಗೆದ. ಒಳಗೆ ಬೇಳೆಯೇ ಇರಲಿಲ್ಲ. ಹಳದಿ ಕೆಸರಿತ್ತು.

ಅಷ್ಟರಲ್ಲಿ ಎದುರುಮನೆಯ ಪ್ರಸಾದ್ ಬಂದ. ತಾಳವಾಡಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಅವನಿಗೆ ಫೋನಿನಲ್ಲಿ ಸಿಗದ ವಿದ್ಯೆ ಲೋಕದಲ್ಲಿಲ್ಲ ಎಂಬ ನಂಬಿಕೆ. ಕೂಡಲೇ ಒಂದು ತಮಿಳು ವಿಡಿಯೋ ಹಾಕಿ, ಒಬ್ಬಟ್ಟಿಗೆ ಅವರು ಪೋಳಿ ಅಂತಾರೆ, ಹೆಸರು ಬೇರೆಯಾದರೂ ಹೊಟ್ಟೆಗೆ ಹೋಗುವುದು ಒಂದೇ ಎಂದು ಸಮಾಧಾನ ಹೇಳಿದ. ವಿಡಿಯೋದ ಹೆಂಗಸು ಬೆಲ್ಲ ಹಾಕಿದಳು, ಇವನೂ ಹಾಕಿದ. ಏಲಕ್ಕಿ ಹಾಕಿದಳು, ಇವನೂ ಹಾಕಿದ. ಈಗ ಬಹಳ ಮುಖ್ಯವಾದದ್ದೊಂದನ್ನು ಹೇಳುತ್ತೇನೆ ಎಂದು ಅವಳು ಬೆರಳೆತ್ತಿದ್ದೇ ನೆಟ್‌ವರ್ಕ್ ಹೋಯಿತು. ಪ್ರಸಾದ್ ಫೋನನ್ನು ಎತ್ತಿ ಹಿಡಿದು ಹಿತ್ತಿಲನ್ನೆಲ್ಲ ಸುತ್ತಿದ. ಹುಲ್ಲಿನ ಮೆದೆಯನ್ನೂ ಹತ್ತಿದ. ಆ ಹೆಂಗಸು ಎತ್ತಿದ ಬೆರಳನ್ನು ಇಳಿಸಲೇ ಇಲ್ಲ.

ಬೆಲ್ಲ ಕರಗಿ ಹೂರಣ ಪಾಯಸವಾಯಿತು. ಪಕ್ಕದ ಮನೆಯ ರಾಚಮ್ಮ ಬೆಂಕಿ ಕೇಳುವವಳ ಹಾಗೆ ಬಂದು ಪಾತ್ರೆಯೊಳಗೆ ಇಣುಕಿದಳು. "ಅಯ್ಯೋ ಸಿವನೇ, ಇದ್ನ ಒಬ್ಬಟ್ನೊಳಕ್ಕ ತುಂಬಕ್ಕಾದ್ದ, ಲೋಟಕ್ಕ ಉಯ್ಬೇಕು ಅಷ್ಟೇಯ" ಎಂದು, ಉರಿಗಡಲೆ ಹಿಟ್ಟು ಹಾಕಿದರೆ ಗಟ್ಟಿಯಾಗುತ್ತದೆಂದು ಉಪಾಯ ಹೇಳಿದಳು. ಹಾಕಿದರು. ಪ್ರಸಾದ್ ಮೆದೆಯಿಂದ ಇಳಿದು ಬಂದು ರವೆಯೇ ಸರಿ ಎಂದ. ಅದನ್ನೂ ಹಾಕಿದರು. ಇಬ್ಬರಿಗೂ ವಾದ ಹತ್ತಿ, ಶಿವಶಂಕರ ಯಾರ ಮನಸ್ಸನ್ನೂ ನೋಯಿಸಬಾರದೆಂದು ಇನ್ನಷ್ಟು ಹಿಟ್ಟು, ಇನ್ನಷ್ಟು ರವೆ ಸುರಿದ. ಹೂರಣ ಉಬ್ಬಿ ಪಾತ್ರೆ ಸಾಲದೆ ಹಂಡೆಗೆ ಬಂತು. ನೆಟ್ಟ ಸೌಟು ಗರುಡಗಂಬದ ಹಾಗೆ ನಿಂತಿತು. ಎಳೆದರೂ ಬರಲಿಲ್ಲ.

ಕಣಕದ ಕತೆ ಇದಕ್ಕೆ ತದ್ವಿರುದ್ಧ. ಮೈದಾಗೆ ನೀರು ಹೆಚ್ಚಾಗಿ ಅದು ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಮೀಸೆಗೆ ಹತ್ತಿಕೊಂಡಿತು. ಮೊದಲ ಒಬ್ಬಟ್ಟು ತವೆಗೆ ಬಿದ್ದದ್ದೇ ಹರಿದು, ಹೊಗೆ ಎದ್ದು, ತಾರು ಕಿತ್ತುಹೋದ ರಸ್ತೆಯ ಹಾಗಾಯಿತು. ಎರಡನೆಯದನ್ನು ಕೆರೆದು ತೆಗೆಯಲು ರಾಚಮ್ಮ ತನ್ನ ಮನೆಯಿಂದ ಕಳೆ ಕೀಳುವ ಕುರ್ಚಿಗೆಯನ್ನು ತಂದಳು. ಮೂರನೆಯದು ಉಂಡೆಯಾಗಿ ಉಳಿಯಿತು. ಅದನ್ನು ಕೊಟ್ಟಿಗೆಯ ಹಸುವಿಗೆ ಕೊಟ್ಟರೆ, ಹಸು ಒಮ್ಮೆ ಅಗಿದು ಬಾಯಿ ಬಿಡಲಾರದೆ ಶಿವಶಂಕರನನ್ನೇ ದುರುಗುಟ್ಟಿ ನೋಡಿತು. ಪ್ರಸಾದನಿಗೆ ಅಂಗಡಿ ನೆನಪಾಯಿತು, ರಾಚಮ್ಮನಿಗೆ ತನ್ನ ಒಲೆ ನೆನಪಾಯಿತು. ಇಬ್ಬರೂ ಮಾಯವಾದರು.

ಆಗಲೇ ಶ್ವೇತಳ ಫೋನು ಬಂತು. ಚಾಮರಾಜನಗರ ಬಿಟ್ಟಿದ್ದೇವೆ, ಮಾವನವರು ದಾರಿಯಲ್ಲಿ ಕಾಫಿಯನ್ನೂ ಕುಡಿದಿಲ್ಲ, ಹೊಟ್ಟೆ ಖಾಲಿ ಇಟ್ಟುಕೊಂಡಿದ್ದಾರೆ ಎಂದಳು.

ಶಿವಶಂಕರ ಒಲೆ ಆರಿಸಿದ. ತನ್ನ ಮರ್ಯಾದೆ ಹಾಳಾಗಲಿ, ಮದುವೆಯಾಗಿ ಮೊದಲ ಸಲ ಹಬ್ಬಕ್ಕೆ ಬರುವ ಮಗಳು ಗಂಡನ ಮನೆಯವರ ಮುಂದೆ ತಲೆ ತಗ್ಗಿಸಬೇಕಾಗುತ್ತದಲ್ಲ ಎಂದುಕೊಂಡ. ಹಿತ್ತಿಲ ಬಾಗಿಲಿಂದ ನುಸುಳಿ, ಹಿಂದಿನ ಬೀದಿಯ ಟೈಲರ್ ಭಾಗ್ಯಳ ಮನೆಗೆ ಓಡಿದ. ಒಬ್ಬಟ್ಟಿಗೆ ಊರಲ್ಲೇ ಹೆಸರಾದವಳು ಅವಳು. ಹೇಗಾದರೂ ಮಾನ ಉಳಿಸಬೇಕೆಂದು ಕೈ ಮುಗಿದ. ಭಾಗ್ಯ ಅವನ ಮೀಸೆಯ ಹಿಟ್ಟನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ಬನ್ನಿ, ಹಿಂದಿನ ಬಾಗಿಲಿಗೇ ಬನ್ನಿ ಎಂದಳು.

ಅವನು ಮನೆ ಸೇರಿದಾಗ ಲೋಕೇಶ್ವರಿ ಹೂವಿನ ತಟ್ಟೆ ಹಿಡಿದು ದೇವಸ್ಥಾನಕ್ಕೆ ಹೊರಟಿದ್ದಳು. ಒಳ್ಳೆಯದೇ ಆಯಿತೆಂದುಕೊಂಡು ಅವನು ಹಂಡೆಯನ್ನು ಕೊಟ್ಟಿಗೆಯ ಗೋಣಿಚೀಲದಡಿ ಬಚ್ಚಿಟ್ಟ, ಗೋಡೆ ಒರೆಸಿದ, ಮೀಸೆ ತೊಳೆದ. ಮತ್ತೆ ಹೋದಾಗ ಭಾಗ್ಯ ಬಾಗಿಲನ್ನು ಕೈ ತೂರುವಷ್ಟೇ ತೆರೆದು ಒಂದು ದೊಡ್ಡ ಸ್ಟೀಲ್ ಡಬ್ಬಿ ಕೊಟ್ಟಳು. ಬಿಸಿ ಬಿಸಿ ಒಬ್ಬಟ್ಟು, ತುಪ್ಪದ ಘಮ. ಅವನು ಒಬ್ಬಟ್ಟುಗಳನ್ನು ಮನೆಯ ತಟ್ಟೆಗೆ ಜೋಡಿಸುವ ಹೊತ್ತಿಗೆ ಲೋಕೇಶ್ವರಿಯೂ ಬಂದಳು. ಅವಳ ಹಣೆಯ ಮೇಲೆ ಬೆಳ್ಳಗೆ ಏನೋ ಮೆತ್ತಿತ್ತು. ವಿಭೂತಿ ಇರಬೇಕೆಂದುಕೊಂಡ.

ಬೀಗರ ಊಟ ಅವನು ಕನಸಿನಲ್ಲೂ ಕಾಣದ ಹಾಗೆ ನಡೆಯಿತು. ಸಿದ್ದಮಲ್ಲಪ್ಪನವರು ಒಬ್ಬಟ್ಟನ್ನು ಹಾಲಿನಲ್ಲಿ ಅದ್ದಿ ತಿಂದರು, ತುಪ್ಪದಲ್ಲಿ ತಿಂದರು, ಆಮೇಲೆ ಏನೂ ಇಲ್ಲದೆ ತಿಂದರು. ಅವರ ಹೆಂಡತಿ ಪುಟ್ಟಮಲ್ಲಮ್ಮನವರು ಪ್ರತಿ ತುತ್ತಿಗೂ ಒಮ್ಮೆ ಗಂಡನ ಮುಖ ನೋಡುತ್ತಿದ್ದರು. ಶ್ವೇತ ಮಾತ್ರ ಮೊದಲ ತುತ್ತಿಗೇ ಅವ್ವನ ಮುಖ ನೋಡಿದಳು. ಅವ್ವ ಸಾರಿನ ಪಾತ್ರೆ ನೋಡಿದಳು.

ಕೈ ತೊಳೆದ ಮೇಲೆ ಸಿದ್ದಮಲ್ಲಪ್ಪನವರು ಶಿವಶಂಕರನ ತೋಳು ಹಿಡಿದು ಹುಲ್ಲಿನ ಮೆದೆಯ ಹಿಂದಕ್ಕೆ ಕರೆದುಕೊಂಡು ಹೋದರು. ಗುಟ್ಟು ರಟ್ಟಾಯಿತೆಂದೇ ಇವನು ತಿಳಿದ.

"ಬೀಗ್ರೇ, ನಿಮ್ ಮಾತಿಂದ ನನ್ ಬಾಳು ಆಳಾಗೋಯ್ತು" ಎಂದರು ಅವರು.

ನಡೆದದ್ದಿಷ್ಟು. ಸಂಕ್ರಾಂತಿಯಲ್ಲಿ ಅವರು ಹೆಂಡತಿಯ ಒಬ್ಬಟ್ಟನ್ನು ಹಳಿದು, ನಮ್ಮ ಬೀಗರನ್ನು ನೋಡು, ಗಂಡಸಾಗಿ ತಾವೇ ಮಾಡುತ್ತಾರೆ ಎಂದಿದ್ದರು. ಪುಟ್ಟಮಲ್ಲಮ್ಮನವರು ಹಾಗಾದರೆ ನೀವೂ ಮಾಡಿ ಎಂದು ಸೌಟನ್ನು ಕೈಗೆ ಕೊಟ್ಟವರು ಇನ್ನೂ ವಾಪಸು ಇಸಿದುಕೊಂಡಿಲ್ಲ. ಅಂದಿನಿಂದ ಮನೆಯ ಸಿಹಿ ಅಡುಗೆಯೆಲ್ಲ ಅವರದೇ. ಅವರು ಮಾಡಿದ್ದನ್ನು ನಾಯಿಯೂ ಮೂಸುತ್ತಿಲ್ಲ. "ನಿಮ್ತವು ಗುಟ್ಟಾಗಿ ಕಲ್ಕಂಡು ಓಗವ ಅಂತ ಬಂದಿವ್ನಿ. ಏಳ್ಕೊಟ್ಬುಡಿ" ಎಂದು ಅವರು ಅಂಗಲಾಚಿದರು.

ಶಿವಶಂಕರನಿಗೆ ತಡೆಯಲಾಗಲಿಲ್ಲ. ಒಬ್ಬಟ್ಟು ಟೈಲರ್ ಭಾಗ್ಯಳದ್ದೆಂದು ಒಪ್ಪಿಕೊಂಡು, ಅವರನ್ನು ಕೊಟ್ಟಿಗೆಗೆ ಕರೆದೊಯ್ದು ಗೋಣಿಚೀಲ ಎತ್ತಿ ಹಂಡೆ ತೋರಿಸಿದ. ಸಿದ್ದಮಲ್ಲಪ್ಪನವರು ನೆಟ್ಟಗೆ ನಿಂತ ಸೌಟನ್ನು ಬಹಳ ಹೊತ್ತು ನೋಡಿ, ನಮ್ಮದೂ ಹೀಗೇ ಆಗುತ್ತದೆ ಎಂದು ನಿಟ್ಟುಸಿರು ಬಿಟ್ಟರು. ಹಾಗಾದರೆ ಆ ಭಾಗ್ಯಳ ಹತ್ತಿರವೇ ಕಲಿಯೋಣವೆಂದು ಇಬ್ಬರೂ ಹಿತ್ತಿಲ ದಾರಿ ಹಿಡಿದರು.

ಭಾಗ್ಯ ಕೊರಳಿಗೆ ಟೇಪು ಹಾಕಿಕೊಂಡು ಮಿಷನ್ ಮುಂದೆ ಕೂತಿದ್ದಳು. "ನಾನೆಲ್ಲಿ ಮಾಡ್ನಣ್ಣ? ಅಬ್ಬದ ಬ್ಲೌಸ್ ಒಲಿದು ಒಲಿದು ಒಲೆ ತವುಕ್ಕೇ ಓಗಿಲ್ಲ. ಲೋಕೇಸಕ್ಕ ನೆನ್ನೆನೇ ಊರ್ಣ ರುಬ್ಬಿ ನಮ್ಮನೆಲಿ ಮಡಗಿದ್ರು. ನಮ್ಮೆಜಮಾನ್ರು ಓಡ್ಬಂದ್ರ ಇಲ್ಗೇ ಬರದು, ಬಂದ್ರ ಒಂದ್ ಮಾತ್ ಏಳು, ಬಂದು ಬೇಯಿಸ್ಕೊಡ್ತೀನಿ ಅಂದಿದ್ರು" ಎಂದಳು.

ಹೆಂಡತಿಯ ಹಣೆಯ ಮೇಲಿದ್ದದ್ದು ವಿಭೂತಿಯಲ್ಲ, ಮೈದಾ ಎಂದು ಶಿವಶಂಕರನಿಗೆ ಈಗ ಹೊಳೆಯಿತು. ಒಂದೇ ಒಂದು ಚುಚ್ಚುಮಾತು ಆಡದೆ, ಗೆದ್ದೆ ಎಂದು ಬೀಗದೆ, ತಾನು ಜಂಬದಿಂದ ಕುಣಿಯುತ್ತಿದ್ದಾಗ ಸುಮ್ಮನೆ ಸಾರು ಬಡಿಸುತ್ತ ನಿಂತಿದ್ದಳಲ್ಲ ಎಂದುಕೊಂಡ. ಇಂಥವಳಿಗೆ ಇಷ್ಟು ವರ್ಷ ಒಮ್ಮೆಯಾದರೂ ಅಡುಗೆ ಚೆನ್ನಾಗಿದೆ ಎಂದದ್ದು ಅವನಿಗೆ ನೆನಪಾಗಲಿಲ್ಲ. ಮರ್ಯಾದೆ ಹೋದರೆ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿ ಜಗಲಿಗೆ ಬಂದ. ಎಲ್ಲರೂ ಅಲ್ಲೇ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು.

"ಈ ಒಬ್ಬಟ್ಟು ನಾನ್ ಮಾಡುದ್ದಲ್ಲ. ನಮ್ ಲೋಕೇಸ್ವರಿ ಮಾಡುದ್ದು. ನಂಗ ಏನೂ ಬರದಿಲ್ಲ. ನಮ್ಮನೆ ನಡೀತಿರದು ಅವಳಿಂದ್ಲೇಯ" ಎಂದುಬಿಟ್ಟ.

ಪುಟ್ಟಮಲ್ಲಮ್ಮನವರ ಕಣ್ಣಲ್ಲಿ ನೀರು ತುಂಬಿಕೊಂಡಿತು. ಅವರು ಗಂಡನ ಕಡೆ ತಿರುಗಿ, "ಕೇಳ್ಕಳಿ. ಅಷ್ಟೂ ತಾವೇ ಮಾಡ್ಬುಟ್ಟು, ಎಂಡ್ತಿ ಎಸ್ರು ಏಳ್ತಾವ್ರ. ಗಂಡಸ್ರು ಅಂದ್ರ ಇಂಗಿರ್ಬೇಕು" ಎಂದರು.

ಅಲ್ಲ, ದೇವರಾಣೆ ನಾನು ಮಾಡಿಲ್ಲ ಎಂದು ಶಿವಶಂಕರ ಒದ್ದಾಡಿದ. ಅವನು ಅಲ್ಲ ಎಂದಷ್ಟೂ ಪುಟ್ಟಮಲ್ಲಮ್ಮನವರಿಗೆ ಅವನ ಮೇಲಿನ ಗೌರವ ಹೆಚ್ಚಾಯಿತು. ಸಿದ್ದಮಲ್ಲಪ್ಪನವರು ತಾವು ಗುಟ್ಟಾಗಿ ಕಲಿಯಲು ಬಂದದ್ದೂ ಬಯಲಾದೀತೆಂದು ಬಾಯಿತುಂಬ ಎಲೆಅಡಿಕೆ ತುಂಬಿಕೊಂಡರು. ಕೊನೆಗೆ ಅವನು ನೀನಾದರೂ ಹೇಳು ಎಂಬಂತೆ ಹೆಂಡತಿಯ ಕಡೆ ನೋಡಿದ.

ಲೋಕೇಶ್ವರಿ ಸುಣ್ಣ ಹಚ್ಚಿದ ಎಲೆಯನ್ನು ನಿಧಾನವಾಗಿ ಮಡಿಸುತ್ತ, "ಅವ್ರು ಯಾವಾಗ್ಲೂ ಇಂಗೇ ಕಣಕ್ಕ. ಮಾಡುದ್ನ ಒಪ್ಕಳದೇ ಇಲ್ಲ" ಎಂದಳು.

ಪುಟ್ಟಮಲ್ಲಮ್ಮನವರು ಆಗಲೇ ಫೋನು ಕಿವಿಗಿಟ್ಟು ತವರಿಗೆ ಮಾತಾಡುತ್ತಿದ್ದರು. ಗೌರಿ ಹಬ್ಬಕ್ಕೆ ಅಣ್ಣತಮ್ಮಂದಿರು, ಅವರ ಮನೆ ಮಂದಿ, ಯಾರೂ ತಪ್ಪಿಸಬಾರದು, ನಮ್ಮ ಯಜಮಾನರೂ ಬೀಗರೂ ಸೇರಿ ಎಲ್ಲರಿಗೂ ಒಬ್ಬಟ್ಟು ಮಾಡುತ್ತಾರೆ ಎಂದು ಅವರು ಜೋರಾಗಿ ಹೇಳುತ್ತಿದ್ದಂತೆ, ಸಿದ್ದಮಲ್ಲಪ್ಪನವರು ಕಂಬಕ್ಕೆ ಒರಗಿ ಮೆಲ್ಲನೆ ಕೆಳಗೆ ಜಾರಿ ಕೂತರು.