ಹಸಿರು ಹೊಳೆದ ಗಂಟು

ಗಂಭೀರವಾಗಿ ಇರಬೇಕಾದ ಹೊತ್ತಿನಲ್ಲೇ ನಮ್ಮ ಮನೆಯಲ್ಲಿ ಏನಾದರೊಂದು ನಗುವಂಥದ್ದು ನಡೆಯುತ್ತಿತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು, ಮಾತು ಕಡಿಮೆ. ನಗಿಸುವ ಕೆಲಸವೆಲ್ಲ ನನ್ನ ಹೆಂಡತಿಯದು. ಕ್ಯಾನ್ಸರ್ ಬಂದ ಮೇಲೂ ಆಕೆ ಆ ಕೆಲಸಕ್ಕೆ ರಜೆ ಹಾಕಲಿಲ್ಲ. ನೆನಪಿದ್ದಷ್ಟನ್ನು ನಡೆದ ಹಾಗೆಯೇ ಬರೆದಿಡುತ್ತೇನೆ. ಆಕೆ ಇದ್ದಿದ್ದರೆ ಇದನ್ನೇ ಇನ್ನೂ ಚೆನ್ನಾಗಿ ಹೇಳುತ್ತಿದ್ದಳು.

೧. ಡಬ್ಬಿ

ಅದು ಬುಧವಾರ, ಮೂರನೆಯ ಪಿರಿಯಡ್. ಕುಂದಗೋಳ ತಾಲೂಕಿನ ನಮ್ಮ ಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಬೋರ್ಡಿನ ಮೇಲೆ ಜೀವಕೋಶದ ಚಿತ್ರ ಬರೆಯುತ್ತಿದ್ದೆ. ನಿಮ್ಮ ಮನೆಯವರು ಗೇಟಿಗೆ ಬಂದಿದ್ದಾರೆ ಎಂದು ಜವಾನ ಬಂದು ಹೇಳಿದ. ಬೆಳಿಗ್ಗೆ ಊಟದ ಡಬ್ಬಿ ಮರೆತಿದ್ದೆ. ಹಿಂದೆಯೂ ಎರಡು ಸಲ ಮರೆತಿದ್ದೆ, ಆಗ ಆಕೆ ತಂದಿರಲಿಲ್ಲ.

"ಡಬ್ಬಿ ತಗೋರಿ. ಮ್ಯಾಲಿಂದರಾಗ ಬದನಿಕಾಯಿ ಪಲ್ಯ, ಕೆಳಗಿಂದರಾಗ ರೊಟ್ಟಿ. ಎಡಗಡೆ ಎದಿಯೊಳಗ ಒಂದು ಗಂಟು ಕೈಗೆ ಹತ್ತತೈತಿ," ಎಂದಳು, ಒಂದೇ ಉಸಿರಿನಲ್ಲಿ.

ನಾನು ಡಬ್ಬಿ ತೆಗೆದುಕೊಂಡೆ. "ಎಷ್ಟು ದೊಡ್ಡದು?" ಎಂದೆ.

"ಕಡ್ಲಿಕಾಳಿನಷ್ಟು."

"ಒಣಾ ಕಡ್ಲಿಯೋ, ನೆನಸಿದ್ದೋ?"

ಆಕೆ ನನ್ನ ಕೈಯಲ್ಲಿದ್ದ ಸೀಮೆಸುಣ್ಣವನ್ನು ನೋಡಿದಳು, ಆಮೇಲೆ ನನ್ನನ್ನು.

"ಮಾಸ್ತರರ, ಅದನ್ನ ನಾ ನೆನಿ ಇಟ್ಟಿಲ್ರಿ."

೨. ಎಷ್ಟು ಸೀಟಿ?

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದು ಖಾತ್ರಿಯಾಯಿತು. ಮೊದಲು ಔಷಧ ಕೊಟ್ಟು ಗಂಟು ಕುಗ್ಗಿಸುವುದು, ಆಮೇಲೆ ಆಪರೇಶನ್ ಎಂದರು. ಮೂರು ವಾರಕ್ಕೊಮ್ಮೆ ಗುಡಗೇರಿ ಸ್ಟೇಶನ್ನಿನಿಂದ ರೈಲು ಹತ್ತುತ್ತಿದ್ದೆವು. ಎರಡನೆಯ ಸಲಕ್ಕೆ ಆಕೆಯ ಕೂದಲು ಪೂರಾ ಉದುರಿತು. ನನ್ನದು ಮೊದಲೇ ಹೋಗಿತ್ತು.

ಆ ದಿನಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಾತಾಡಿಸಲು ಬಂದಳು. ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಆಕೆಯ ಸಂಶೋಧನೆ. ನೀಲಿ ಬೆಳಕು ಬಿಟ್ಟರೆ ಹಸಿರು ಹೊಳೆಯುವ ಅತಿ ಸಣ್ಣ ಕಣಗಳನ್ನು ತಯಾರಿಸುತ್ತಾಳೆ. ಅವು ಹೆಚ್ಚಾಗಿ ಕ್ಯಾನ್ಸರ್ ಕೋಶಕ್ಕೇ ಅಂಟುವಂತೆ ಮಾಡಿದರೆ, ಸೂಕ್ಷ್ಮದರ್ಶಕದಲ್ಲಿ ರೋಗದ ಕೋಶ ಯಾವುದು, ಒಳ್ಳೆಯದು ಯಾವುದು ಎಂದು ಬೇರೆಬೇರೆಯಾಗಿ ಕಾಣುತ್ತದೆ.

"ಎಷ್ಟು ಸಣ್ಣ ಅದಾವಬೇ?" ಎಂದು ನನ್ನ ಹೆಂಡತಿ ಕೇಳಿದಳು.

"ಒಂದು ಕೂದಲಿನ ದಪ್ಪ ಐತಲ್ರಿ ಅಕ್ಕಾರ, ಅದನ್ನ ಹತ್ತು ಸಾವಿರ ಪಾಲು ಮಾಡಿದ್ರ..."

"ಬ್ಯಾರೆ ಲೆಕ್ಕ ಹೇಳವಾ. ಈ ಮನ್ಯಾಗ ಕೂದಲಿನ ಲೆಕ್ಕ ನಡ್ಯಾಂಗಿಲ್ಲ."

ಹುಡುಗಿ ಗಾಬರಿಯಾಗಿ ಮಾತು ಬದಲಿಸಿದಳು. ಲಿಂಬಿರಸವನ್ನು ಕುಕ್ಕರಿನಂಥ ಬಿಗಿ ಡಬ್ಬಿಯಲ್ಲಿ ಹಾಕಿ ತಾಸುಗಟ್ಟಲೆ ಕಾಸಿದರೆ ಈ ಕಣಗಳು ಆಗುತ್ತವೆ ಎಂದಳು. ಕೊನೆಗೆ ಬಂದ ಕೆಲಸ ಹೇಳಿದಳು: ಆಪರೇಶನ್ ಆದ ಮೇಲೆ ಆಸ್ಪತ್ರೆಯ ಪರೀಕ್ಷೆಗೆ ಬೇಕಾದದ್ದು ಬಿಟ್ಟು ಉಳಿದ ಗಂಟಿನ ಚೂರನ್ನು ಸಂಶೋಧನೆಗೆ ಕೊಡಬಹುದೇ? ಆಸ್ಪತ್ರೆಯವರ ಒಪ್ಪಿಗೆ ಇದೆ, ಅಕ್ಕಾರ ಸಹಿ ಬೇಕು.

ನನ್ನ ಹೆಂಡತಿ ಕಾಗದವನ್ನು ಎರಡು ಸಲ ಓದಿದಳು. "ಸಹಿ ಮಾಡ್ತೀನಿ. ಆದ್ರ ಅದರ ಚಿತ್ರ ನನಗ ತೋರಸಬೇಕು. ಡಾಕ್ಟರು ಕಪ್ಪು ಬಿಳುಪು ಫಿಲ್ಮ್ ಹಿಡದು ಪೆನ್ನಿನಿಂದ ತೋರಸ್ತಾರ, ನಾ ಹೂಂ ಅಂತೀನಿ. ಖರೇ ಅಂದ್ರ ಏನೂ ಕಂಡಿಲ್ಲ. ಇಷ್ಟು ದಿನ ಮೈಯಾಗ ಇಟಗೊಂಡು ಸಾಕೀನಿ, ಒಮ್ಮೆರ ಅದರ ಮಾರಿ ನೋಡಬೇಕು."

"ತೋರಸ್ತೀನ್ರಿ ಅಕ್ಕಾರ, ಆಣಿ ಮಾಡಿ ಹೇಳ್ತೀನಿ."

ಸಹಿ ಮಾಡಿ ಪೆನ್ನು ಮುಚ್ಚುವಾಗ ಕೇಳಿದಳು, "ಅಲ್ಲಬೇ, ಆ ಲಿಂಬಿರಸಕ್ಕ ಎಷ್ಟು ಸೀಟಿ ಹೊಡಸ್ತೀರಿ?"

೩. ಐದು ಪರ್ಸೆಂಟ್

ಆಪರೇಶನ್ ಆಗಿ ಮನೆಗೆ ಬಂದೆವು. ನಾವು ಬರುವ ಮೊದಲೇ ಸುದ್ದಿ ಊರಿಗೆ ಬಂದಿತ್ತು: ಮಾಸ್ತರ ಹೆಂಡತಿಯ ಮೈಯಲ್ಲಿ ಹೊಳೆಯುವ ಔಷಧ ಬಿಟ್ಟಿದ್ದಾರೆ, ಕತ್ತಲಲ್ಲಿ ಆಕೆ ಕಾಣುತ್ತಾಳೆ. ಅಂಥದ್ದೇನೂ ಇಲ್ಲ, ತೆಗೆದ ಚೂರಿಗೆ ಮಾತ್ರ ಧಾರವಾಡದಲ್ಲಿ ಬಣ್ಣ ಹಾಕುತ್ತಾರೆ ಎಂದು ಹಿಟ್ಟಿನ ಗಿರಣಿಯಲ್ಲಿ ನಿಂತು ವಿವರಿಸಿದೆ. ಯಾರಿಗೂ ನನ್ನ ವಿವರಣೆ ಬೇಕಿರಲಿಲ್ಲ.

ಬಾಜು ಮನೆಯ ಅಜ್ಜಿ, ನಾವೆಲ್ಲ ಕಾಕು ಎನ್ನುವವರು, ಮಾತ್ರ ನೇರವಾಗಿ ಬಂದರು. ಮಧ್ಯಾಹ್ನ ಮೂರು ಗಂಟೆ. "ನಿಮ್ಮ ಪುಸ್ತಕದ ಮಾತು ನನಗ ಬ್ಯಾಡ್ರಿ ಮಾಸ್ತರ. ನಾ ಕಣ್ಣಾರೆ ನೋಡ್ತೀನಿ," ಎಂದು ಕಿಟಕಿ, ಬಾಗಿಲು ಮುಚ್ಚಿ, ಸಂದಿಗೆಲ್ಲ ಕೌದಿ ತುರುಕಿದರು. ನನ್ನ ಹೆಂಡತಿ ದೇವರ ಕೋಣೆಯಲ್ಲಿ ಸುಮ್ಮನೆ ನಿಂತಿದ್ದಳು.

ಸ್ವಲ್ಪ ಹೊತ್ತಿಗೆ ಆಕೆಯ ಸೆರಗಿನೊಳಗಿಂದ ಮೆಲ್ಲಗೆ ಬೆಳಕು ಬಂತು. ಕಾಕು "ಶಿವಾ!" ಎಂದು ಕುಳಿತೇಬಿಟ್ಟರು. ತಲೆಯ ಮೇಲೆ ಸೆರಗು ಹೊದ್ದು ಕೈ ಮುಗಿದು, ಕಣ್ಣು ಮುಚ್ಚಿ, ಮಕ್ಕಳು ಮೊಮ್ಮಕ್ಕಳ ಹೆಸರು ಒಂದೊಂದಾಗಿ ಹೇಳಿ ಬೇಡಿಕೊಳ್ಳತೊಡಗಿದರು. ಏಳನೆಯ ಮೊಮ್ಮಗನ ಹೆಸರು ಬಂದಾಗ ಬೆಳಕಿನ ಒಳಗಿಂದ ನನ್ನ ಹೆಂಡತಿ ಹೇಳಿದಳು:

"ಲಗೂ ಬೇಡ್ಕೋರಿ ಕಾಕು. ಮೊಬೈಲ್ ಐದ ಪರ್ಸೆಂಟ್ ಐತಿ."

೪. ಖಂಡೇನವಮಿ

ಧಾರವಾಡದಲ್ಲಿ ಆ ಚೂರನ್ನು ತೆಳ್ಳಗೆ ಕೊಯ್ದು ಗಾಜಿನ ಪಟ್ಟಿಗಳ ಮೇಲೆ ಕೂರಿಸಿದ್ದರು. ಒಟ್ಟು ನಾಲ್ಕು ಗಾಜು. ದಸರೆ ಮುಗಿದ ಮರುದಿನ ಹುಡುಗಿಯ ಫೋನು ಬಂತು. ಕೂಗುತ್ತಿದ್ದಳು.

"ಸರ್, ಹೊಳಿಯಾಕತ್ತೈತ್ರಿ! ಅಗದಿ ಬೆಂಕಿ ಹಂಗ ಹೊಳಿಯಾಕತ್ತೈತಿ!"

"ಕಣ ಹಾಕದ ಗಾಜು ಒಂದು ಇಟ್ಟಿದ್ದಿಯಲ್ಲ, ಹೋಲಿಸಿ ನೋಡಲಿಕ್ಕೆ. ಅದು?"

ಗಾಜು ಬದಲಿಸುವ ಸಪ್ಪಳ ಕೇಳಿಸಿತು. ಆಮೇಲೆ ಸಣ್ಣ ದನಿ ಬಂತು. "ಅದಽ ಜಾಸ್ತಿ ಹೊಳಿಯಾಕತ್ತೈತ್ರಿ ಸರ್."

ಕಾರಣ ಸಂಜೆಗೆ ಸಿಕ್ಕಿತು. ಖಂಡೇನವಮಿಗೆ ಅಲ್ಲಿಯ ಜವಾನ ವರ್ಷದ ಪದ್ಧತಿಯಂತೆ ಯಂತ್ರಗಳ ಪೂಜೆ ಮಾಡಿದ್ದ. ಸೂಕ್ಷ್ಮದರ್ಶಕಕ್ಕೆ ಅರಿಶಿಣ, ಕುಂಕುಮ, ಚೆಂಡು ಹೂವು. ಗಾಜುಗಳಿದ್ದ ಪೆಟ್ಟಿಗೆಗೂ ಎರಡು ಬೆರಳು ಅರಿಶಿಣ. ಮರುದಿನ ಸ್ವಚ್ಛ ಇರಲಿ ಎಂದು ಪೆಟ್ಟಿಗೆಯೊಳಗಿನ ಗಾಜುಗಳನ್ನೂ ಸೇರಿಸಿ ಎಲ್ಲವನ್ನೂ ಒಂದೇ ಅರಿವೆಯಿಂದ ಸ್ಪಿರಿಟ್ ಹಚ್ಚಿ ಒರೆಸಿದ್ದ. ನೀಲಿ ಬೆಳಕಿಗೆ ಅರಿಶಿಣವೂ ಹೊಳೆಯುತ್ತದೆ, ಸ್ಪಿರಿಟ್ಟಿನಲ್ಲಿ ಕರಗಿದರೆ ಇನ್ನೂ ಚೆನ್ನಾಗಿ. ಮೂರು ಗಾಜು ಕೆಟ್ಟಿದ್ದವು. ಫ್ರಿಜ್ಜಿನಲ್ಲಿದ್ದ ಒಂದು ಉಳಿದಿತ್ತು.

ಹುಡುಗಿ ಅಳುತ್ತ ಜವಾನನನ್ನು ಬೈದಳಂತೆ. ಆತ ಶಾಂತವಾಗಿ ಹೇಳಿದನಂತೆ: "ಅಳಬ್ಯಾಡ್ರಿ ಮೇಡಂ. ನೀವು ನಾಕು ವರ್ಷ ಕಾಸಿ ಹೊಳಸಾಕ ಹತ್ತೀರಿ. ನಾ ಅಡಗಿಮನಿ ಡಬ್ಬಿಯಿಂದ ಒಂದ ದಿನಕ್ಕ ಹೊಳಿಸೀನಿ. ಹೆಸರು ಇಬ್ಬರದೂ ಹಾಕೂಣು."

೫. ಯಾವ ಹೂವು?

ಅದೇ ವಾರ, ರೋಗ ಯಕೃತ್ತಿಗೂ ಹೋಗಿದೆ ಎಂದು ಡಾಕ್ಟರು ಹೇಳಿದರು. ಇದನ್ನು ನಾನು ಹುಡುಗಿಗೆ ತಿಳಿಸಿದೆ. ಒಂಬತ್ತು ದಿನ ಕಳೆದ ಮೇಲೆ, ನಾವು ಹುಬ್ಬಳ್ಳಿಯ ಆಸ್ಪತ್ರೆಯಿಂದ ಹೊರಗೆ ಬರುವಾಗ, ಉಳಿದಿದ್ದ ಒಂದೇ ಗಾಜಿನ ಚಿತ್ರ ಮೊಬೈಲಿಗೆ ಬಂತು.

ಕಪ್ಪು ನೆಲದ ಮೇಲೆ ಹಸಿರು. ಒಂದಕ್ಕೊಂದು ಒತ್ತಿಕೊಂಡ ಪಕಳೆಗಳ ಹಾಗೆ. ನನ್ನ ಹೆಂಡತಿ ಫುಟ್‌ಪಾತಿನ ಮೇಲೆ ನಿಂತು, ಬೆರಳಿನಿಂದ ದೊಡ್ಡದು ಮಾಡಿ, ಸಣ್ಣದು ಮಾಡಿ, ಬಹಳ ಹೊತ್ತು ನೋಡಿದಳು.

"ಇಂಥಾ ಹಸಿರು ನನ್ನ ಕಡೆ ಒಂದೂ ಇಲ್ಲ. ನಡೀರಿ, ಸೀರಿ ತಗೊಳ್ಳೂಣು," ಎಂದಳು.

ಅಂಗಡಿಯವನು ಹಿರಿಯ, ತಾಳ್ಮೆಯವನು. ಗಿಳಿ ಹಸಿರು ತೆಗೆದ, ರಾಮಾ ಹಸಿರು ತೆಗೆದ, ಹೆಸರುಕಾಳಿನ ಹಸಿರು ತೆಗೆದ. ಆಕೆ ಪ್ರತಿಯೊಂದರ ಪಕ್ಕದಲ್ಲಿ ಮೊಬೈಲ್ ಹಿಡಿದು ಅಲ್ಲ ಎಂದಳು. ಹದಿನಾಲ್ಕನೆಯದು ಹೊಂದಿತು. ಅಷ್ಟರಲ್ಲಿ ಅಂಗಡಿಯವನಿಗೂ ಆ ಚಿತ್ರದ ಮೇಲೆ ಮನಸ್ಸಾಗಿತ್ತು.

"ಭಾಳ ಚಂದ ಐತಲ್ರಿ ಅಕ್ಕಾರ. ಯಾವ ಹೂವ್ರಿ ಇದು?"

"ಹೆಸರು ಗೊತ್ತಿಲ್ರಿ. ನಮ್ಮ ಮನ್ಯಾಗಽ ಬೆಳದದ್ದು."

"ಹೌದ್ರ್ಯಾ? ನಮ್ಮ ಮನಿಯಾಕಿಗೂ ಗಿಡದ ಹುಚ್ಚು. ಮುಂದಿನ ಸಲ ಬರುವಾಗ ಬೇರು ಸಹಿತ ಒಂದು ಅಗಿ ಕಿತ್ತಗೊಂಡು ಬರ್ರಿ."

ನಾನು ನೆಲ ನೋಡಿದೆ. ಆಕೆ ಗಂಭೀರವಾಗಿ, ತೋಟದ ಅನುಭವ ಇದ್ದವರ ಹಾಗೆ, ತಲೆ ಅಲ್ಲಾಡಿಸಿದಳು.

"ಬ್ಯಾಡ್ರಿ ಕಾಕಾ. ಒಮ್ಮೆ ಹತ್ತಿತಂದ್ರ ಎಲ್ಲಾ ಕಡೆ ಹಬ್ಬತೈತಿ. ಎಷ್ಟು ಕಿತ್ತರೂ ಹೋಗಂಗಿಲ್ಲ."

ರಸ್ತೆಗೆ ಬಂದ ಮೇಲೆ ಆಕೆ ನಕ್ಕಳು. ನಗು ತಡೆಯಲಾಗದೆ ನನ್ನ ಹೆಗಲು ಹಿಡಿದು ನಿಂತಳು. ನಾನೂ ನಕ್ಕೆ. ಇಬ್ಬರೂ ನಗುತ್ತ ನಿಂತದ್ದರಲ್ಲಿ ನಾಲ್ಕು ಗಂಟೆಯ ರೈಲು ತಪ್ಪಿತು.

ಆಕೆ ಉಡಲಾಗದೇ ಹೋದ ಆ ಸೀರೆಯಿಂದ ರವಿಕೆಯ ತುಂಡನ್ನು ಇನ್ನೂ ಕತ್ತರಿಸಿಲ್ಲ.