ಕನ್ಸರ್ಟೀನಾದೊಳಗಿನ ಅತ್ತೆ

ಸಂಗೀತಗಾರನ ಪರಮಶತ್ರು ಯಾರು ಎಂದು ನನ್ನನ್ನು ಯಾರೂ ಕೇಳಿಲ್ಲ. ಕೇಳಿದ್ದರೆ 'ಅವನ ಅಡುಗೆಮನೆ' ಎನ್ನುತ್ತಿದ್ದೆ. (ಅಡುಗೆಮನೆಯಲ್ಲಿ ಯಾರಿರುತ್ತಾರೆ ಎಂಬುದನ್ನು ವಿವಾಹಿತ ಓದುಗರು ಊಹಿಸಿಕೊಳ್ಳಲಿ.)

ನಮ್ಮ ಲಿಟಲ್ ಹ್ಯಾಕೆಟ್ ಹಳ್ಳಿಯ ಮಾರಿಸ್ ಎಂಬ ಜಾನಪದ ಕುಣಿತದ ಮೇಳದಲ್ಲಿ ಆರು ಜನ ಗಂಡಸರು. ಮೊಣಕಾಲ ಕೆಳಗೆ ಗೆಜ್ಜೆ, ಎರಡು ಕೈಗೂ ಬಿಳಿ ಕರವಸ್ತ್ರ, ಹೊಟ್ಟೆ ಮಾತ್ರ ಅವರವರ ಅನುಕೂಲದಂತೆ. ಇವರಿಗೆ ಕನ್ಸರ್ಟೀನಾ ನುಡಿಸುತ್ತಿದ್ದ ಮುದುಕ ಈನಕ್, ಹೆಂಚು ಸರಿಮಾಡಲು ಹೋಗಿ ಏಣಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ. ವಿಟ್ ಸೋಮವಾರದ ಹಬ್ಬದ ಕುಣಿತ ಹತ್ತಿರ ಬಂದಿತ್ತು. ಮೇಳದ ಯಜಮಾನ, ಮಾಂಸದಂಗಡಿಯ ಪ್ರ್ಯಾಟ್ಲಿ, ಪಬ್ಬಿನಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದ.

"ನಾನಿದೀನಲ್ಲ! ಮನೇಲಿ ಕನ್ಸರ್ಟೀನಾನೂ ಇದೆ!" ಎಂದು ಎದ್ದು ನಿಂತೆ. (ಬಿಯರಿನ ಪ್ರಭಾವ ಎಂದು ಹೆಂಡತಿ ಹೇಳುತ್ತಾಳೆ, ಕಲೆಯ ಕರೆ ಎಂದು ನಾನು.)

"ಸೋಮವಾರ ಗೆದ್ದುಬಿಡಿ ಹಕಿನ್ ಅವರೇ, ಈನಕ್ ಜಾಗ ಖಾಯಂ ನಿಮ್ದೇ," ಎಂದ ಪ್ರ್ಯಾಟ್ಲಿ. ಆಸ್ಥಾನ ವಿದ್ವಾಂಸನ ಪದವಿ! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕನ್ಸರ್ಟೀನಾ ಎಂದರೆ ಆರು ಮೂಲೆಯ ಎರಡು ಪುಟ್ಟ ಪೆಟ್ಟಿಗೆ, ನಡುವೆ ಮಡಿಕೆ ಮಡಿಕೆಯ ತಿದಿ. ನನ್ನ ವಾದ್ಯದಲ್ಲಿ ಒಂದೇ ಗುಂಡಿಗೆ ಎಳೆದರೆ ಒಂದು ಸ್ವರ, ಅದುಮಿದರೆ ಇನ್ನೊಂದು. ಎಳೆದೂ ಎಳೆದೂ ಕೈ ಸಾಲದಾದಾಗ ಹೆಬ್ಬೆರಳ ಬಳಿಯ ಗಾಳಿಗುಂಡಿ ಒತ್ತಬೇಕು. 'ಉಸ್ಸ್' ಎಂದು ಗಾಳಿ ಹೊರಹೋಗಿ ತಿದಿ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಆ 'ಉಸ್ಸ್' ನಮ್ಮ ಸಂಸಾರಕ್ಕೆ ಬೆಂಕಿ ಇಟ್ಟಿತು.

"ರೀ, ನಿಲ್ಸಿ ಅದನ್ನ!" ನಾನು ಅಡುಗೆಮನೆಯಲ್ಲಿ ಅಭ್ಯಾಸಕ್ಕೆ ಕೂತಿದ್ದಾಗ ಹೆಂಡತಿ ಹೆಸ್ಟರ್ ಹಿಟ್ಟಿನ ಕೈಯಲ್ಲೇ ತಿರುಗಿದಳು.

"ರಾಗ ಹಿಡಿಸ್ಲಿಲ್ವೇನೇ?"

"ರಾಗ ಹಾಳಾಗ್ಲಿ, ಅದಕ್ಕೆ ಒಗ್ಗಿಹೋಗಿದೀನಿ. ಆ ಉಸ್ ಅನ್ನೋದಿದ್ಯಲ್ಲ, ಥೇಟ್ ನಿಮ್ಮಮ್ಮ! ನನ್ನ ಪುಡಿಂಗ್ ನೋಡಿದಾಗೆಲ್ಲಾ ಹೀಗೇ ಉಸಿರು ಬಿಡ್ತಿದ್ರು."

"ಅಮ್ಮ ತೀರ್ಕೊಂಡು ಎಷ್ಟು ಕಾಲ ಆಯ್ತು ಮಾರಾಯ್ತಿ!"

"ಅದಕ್ಕೇ ಹೇಳ್ತಿರೋದು. ಈಗ ಪೆಟ್ಟಿಗೇಲಿ ಬಂದು ಕೂತಿದಾರೆ."

ಗೃಹಶಾಂತಿಗಾಗಿ ನಾನು ಬಾಟಲಿಯ ಬಿರಡೆಯ ಚೂರೊಂದನ್ನು ಗಾಳಿಗುಂಡಿಯ ಕೆಳಗೆ ಗಟ್ಟಿಯಾಗಿ ತುರುಕಿದೆ. ಅತ್ತೆ-ಸೊಸೆಯರ ಜಗಳ ಮರಣೋತ್ತರವಾಗಿ ಬಗೆಹರಿಯಿತು. ಚುರುಕು ರಾಗದಲ್ಲಿ ಎಳೆಯುವುದೂ ಅದುಮುವುದೂ ಸರಿದೂಗಿ, ಆ ಗುಂಡಿ ಬೇಕೆಂದು ಅನ್ನಿಸಲೇ ಇಲ್ಲ.

ಆದರೆ ಕುಣಿತದ ಕೊನೆಯಲ್ಲಿ ನೆಗೆತಗಳಿರುತ್ತವೆ. ಆಗ ರಾಗವನ್ನು ಅರ್ಧಕ್ಕೆ ನಿಧಾನಿಸಿ, ಕುಣಿಯುವವರ ಕಾಲು ನೋಡಿಕೊಂಡು, ಅವರು ನೆಲ ಮುಟ್ಟುವವರೆಗೆ ಸ್ವರ ಹಿಡಿಯಬೇಕು. ನಮ್ಮ ಅಡುಗೆಮನೆಯಲ್ಲಿ ನೆಗೆಯುವವರು ಯಾರಿದ್ದರು? (ಇಲಿ ಕಂಡು ಹೆಸ್ಟರ್ ಒಮ್ಮೆ ನೆಗೆದಿದ್ದಳು, ಅದರಲ್ಲಿ ತಾಳವಿರಲಿಲ್ಲ.)

ಸೋಮವಾರ ಪಬ್ಬಿನ ಮುಂದೆ ಊರಿಗೆ ಊರೇ ನೆರೆದಿತ್ತು. ಮೊದಲ ಭಾಗ ಅಮೋಘವಾಗಿ ಸಾಗಿತು. ಹೆಸ್ಟರ್ ಕೂಡ ತಲೆದೂಗಿದಳು. ನೆಗೆತ ಬಂತು. ಪ್ರ್ಯಾಟ್ಲಿಯಂಥ ದೇಹ ಮೇಲೇಳಬೇಕಾದರೆ ಸಿದ್ಧತೆಗೇ ಅರ್ಧ ರಾಗ ಬೇಕು. ಎಳೆದೆ. ಇನ್ನೊಂದು ನೆಗೆತ, ಇನ್ನಷ್ಟು ಎಳೆದೆ. ಮತ್ತೊಂದು ಬರುವಷ್ಟರಲ್ಲಿ ನನ್ನ ಎರಡೂ ಕೈ ಹೊಲದ ಬೆದರುಬೊಂಬೆಯಂತೆ ಚಾಚಿಕೊಂಡಿದ್ದವು. ಅಷ್ಟು ಚಾಚಿದ ಕೈಗೆ ಅದುಮುವ ಬಲವಿರಲಿಲ್ಲ; ಗಾಳಿಗುಂಡಿ ಒತ್ತಿದೆ. ಬಿರಡೆ ಹೆಸ್ಟರಳಷ್ಟೇ ದೃಢವಾಗಿತ್ತು.

ಸ್ವರ ಬಾರದೆ ನೆಗೆಯುವ ಹಾಗಿಲ್ಲ. ಅದು ಮೇಳದ ಶಿಸ್ತು. ಆರೂ ಮಂದಿ ಮಂಡಿ ಮಡಿಸಿ, ಕರವಸ್ತ್ರ ಎತ್ತಿ, ಮೊಟ್ಟೆಯಿಡಲು ಕುಕ್ಕುರು ಕೂತ ಕೋಳಿಗಳಂತೆ ಕಾಯುತ್ತಿದ್ದರು.

"ಸ್ವರ ಕೊಡಯ್ಯಾ! ಮಂಡಿ ಹೋಯ್ತು!" ಪ್ರ್ಯಾಟ್ಲಿ ಕಿರುಚಿದ.

"ಬರ್ತಿಲ್ಲವೋ!"

ಗುಂಪು ಸೀಳಿಕೊಂಡು ಹೆಸ್ಟರ್ ಬಂದಳು. "ಯಾರನ್ನ ತಬ್ಕೊಳಕ್ಕೆ ನಿಂತಿದೀರ್ರೀ?"

"ಒತ್ತೇ! ಎರಡೂ ಕಡೆಯಿಂದ ಒತ್ತು!"

ಕಣಕ ನಾದಿ ಪಳಗಿದ ಕೈ. ಒತ್ತಿಯೇಬಿಟ್ಟಳು. ಗಾಬರಿಯಲ್ಲಿ ನನ್ನ ಬೆರಳುಗಳೆಲ್ಲ ಗುಂಡಿಗಳೆಲ್ಲದರ ಮೇಲೂ ಇದ್ದವು. ಊರಿನ ಬಾತುಗಳನ್ನೆಲ್ಲ ಒಂದೇ ಏಟಿಗೆ ತುಳಿದಂಥ ಆರ್ತನಾದ ಹೊರಟಿತು. ಅದನ್ನೇ ಸ್ವರವೆಂದು ಆರೂ ಜನ ಆರು ದಿಕ್ಕಿಗೆ ನೆಗೆದರು. ಪ್ರ್ಯಾಟ್ಲಿ ಇಳಿದದ್ದು ಪಾದ್ರಿಯ ಹೆಂಡತಿ ಮಾರಲು ಇಟ್ಟಿದ್ದ ಕೇಕುಗಳ ಮೇಲೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇನ್ನೊಂದ್ಸಲ! ಇನ್ನೊಂದ್ಸಲ!" ಎಂದು ಕೂಗಿದರು.

ಪ್ಯಾಂಟಿನ ಕ್ರೀಮು ಒರೆಸಿಕೊಳ್ಳುತ್ತಾ ಪ್ರ್ಯಾಟ್ಲಿ ನನ್ನ ಬಳಿ ಬಂದ. ಆಶ್ಚರ್ಯ, ಅವನ ಮುಖ ಅರಳಿತ್ತು.

"ಹಕಿನ್ ಅವರೇ, ಇಷ್ಟು ಜನ ಯಾವತ್ತೂ ನಿಂತು ನೋಡಿರ್ಲಿಲ್ಲ. ಇನ್ಮೇಲೆ ಎಲ್ಲಾ ಕುಣಿತಕ್ಕೂ ನೀವು ಬರ್ಲೇಬೇಕು."

ನಾನು ಕಾಲರು ಸರಿಮಾಡಿಕೊಂಡೆ. "ಈನಕ್ ಜಾಗಕ್ಕೆ ತಾನೇ?"

"ಅಯ್ಯೋ, ಅದಕ್ಕಲ್ಲ! ಅದಕ್ಕೆ ಸ್ಕೂಲಿನ ಪಿಟೀಲು ಮೇಡಮ್ನೇ ಕೇಳ್ಕೋತೀನಿ. ಕುಣಿತದ ಮಧ್ಯೆ ನುಗ್ಗಿ ಜನರನ್ನ ನಗಿಸಕ್ಕೆ ಒಬ್ಬ ಕೋಡಂಗಿ ಇರ್ಬೇಕು ನೋಡಿ. ನಮ್ಮ ಮೇಳಕ್ಕೆ ಒಳ್ಳೆ ಕೋಡಂಗಿ ಸಿಕ್ಕೇ ಇರ್ಲಿಲ್ಲ."

"ಕ್ಷಮಿಸಿ," ಎಂದೆ, ಉಳಿದಿದ್ದ ಗಾಂಭೀರ್ಯವನ್ನೆಲ್ಲ ಒಟ್ಟುಗೂಡಿಸಿ. "ಆ ಕೆಲಸದ ಅಭ್ಯಾಸ ನನಗಿಲ್ಲ."

"ಯಾಕ್ರೀ ಸುಳ್ಳು ಹೇಳ್ತೀರಾ? ಮದುವೆ ಆದಾಗಿಂದ ದಿನಾ ಅದನ್ನೇ ಮಾಡ್ತಿದೀರಲ್ಲ!" ಎಂದ ಹೆಸ್ಟರ್, ಪ್ರ್ಯಾಟ್ಲಿಯನ್ನು ಪಕ್ಕಕ್ಕೆ ಕರೆದು ಕೋಡಂಗಿ ಟೋಪಿಗೆ ನನ್ನ ತಲೆಯ ಸುತ್ತಳತೆ ಹೇಳತೊಡಗಿದಳು.